ಉಂಡೆಗೆ ಬೆನ್ನು ಎಲ್ಲಿಂದ ಬಂತು?

ಮುಂಗಾರಿನ ಮೊದಲ ನಾಲ್ಕು ಮಳೆ ಬಿದ್ದು ಗದ್ದೆಯ ಬದುವಿನಲ್ಲಿ, ರಸ್ತೆ ಬದಿಯ ಹೊಂಡದಲ್ಲಿ ನೀರು ನಿಂತಿತೆಂದರೆ ಕಪ್ಪೆಗಳ ಸಂಸಾರ ಶುರುವಾಯಿತೆಂದೇ ಅರ್ಥ. ರಾತ್ರಿಯಿಡೀ ವಟವಟ. ಬೆಳಿಗ್ಗೆ ಹೋಗಿ ನೋಡಿದರೆ ನೀರಿನಲ್ಲಿ ಲೋಳೆಯ ಮುದ್ದೆ. ಅದರೊಳಗೆ ನೆನೆದ ಸಬ್ಬಕ್ಕಿಯ ನಡುವೆ ಸಾಸಿವೆ ಇಟ್ಟಂತೆ ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಮೊಟ್ಟೆ. ಎರಡು ಮೂರು ದಿನ ಬಿಟ್ಟು ಮತ್ತೆ ಹೋಗಿ ನೋಡಿ. ಚುಕ್ಕೆಗಳೆಲ್ಲ ಉದ್ದವಾಗಿ, ಒಂದು ತುದಿಯಲ್ಲಿ ತಲೆ, ಇನ್ನೊಂದು ತುದಿಯಲ್ಲಿ ಬಾಲ, ಮೇಲೆ ಬೆನ್ನು, ಕೆಳಗೆ ಹೊಟ್ಟೆ ಮೂಡಿ ಮಿಸುಕಾಡತೊಡಗಿರುತ್ತವೆ.

ಇದರಲ್ಲೇನು ವಿಶೇಷ, ಮೊಟ್ಟೆಯಿಂದ ಮರಿ ಬರದೆ ಇನ್ನೇನು ಬರುತ್ತದೆ ಎಂದು ನೀವು ಕೇಳಬಹುದು. ನನ್ನ ತರಗತಿಯಲ್ಲೂ ಹೆಚ್ಚಿನವರದು ಇದೇ ಧೋರಣೆ. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, ‘ಸಾರ್, ಮೊಟ್ಟೆ ಉಂಡೆಯಾಗಿದೆ. ಉಂಡೆಗೆ ಬೆನ್ನು ಯಾವ ಕಡೆ ಬರಬೇಕು ಅಂತ ಯಾರು ಹೇಳಿದ್ದು?’ ಎಂದು ಕೇಳಿದ. ಇಡೀ ತರಗತಿ ನಕ್ಕಿತು. ಆದರೆ ಇದೇ ಪ್ರಶ್ನೆಯನ್ನು ಹಿಡಿದು ನೂರು ವರ್ಷಕ್ಕೂ ಮೀರಿ ತಲೆ ಕೆಡಿಸಿಕೊಂಡ ವಿಜ್ಞಾನಿಗಳಿದ್ದಾರೆ, ನೊಬೆಲ್ ಪಡೆದವರೂ ಇದ್ದಾರೆ.

ಮೊಟ್ಟೆಯನ್ನು ಕೈಮಸೂರದಲ್ಲಿ ನೋಡಿದರೆ ಅದು ಪೂರ್ತಿ ಏಕರೂಪವಲ್ಲ ಎಂದು ತಿಳಿಯುತ್ತದೆ. ಮೇಲಿನ ಅರ್ಧ ಕಪ್ಪು ಅಥವಾ ಕಂದು. ಕೆಳಗಿನ ಅರ್ಧ ಬಿಳಿಚು ಹಳದಿ, ಅಲ್ಲಿ ಭ್ರೂಣಕ್ಕೆ ಬೇಕಾದ ಆಹಾರದ ದಾಸ್ತಾನು. ಹಾಗಾಗಿ ಮೇಲು ಕೆಳಗು ಎಂಬ ಒಂದು ವ್ಯತ್ಯಾಸವನ್ನು ತಾಯಿಯೇ ಮಾಡಿ ಕಳಿಸಿರುತ್ತಾಳೆ. ಆದರೆ ಸುತ್ತಳತೆಯಲ್ಲಿ ನೋಡಿದರೆ ಎಲ್ಲ ದಿಕ್ಕೂ ಒಂದೇ, ಬುಗುರಿಯ ಹಾಗೆ. ಬೆನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ.

ತೀರ್ಮಾನ ಮಾಡುವುದು ತಂದೆಯ ವೀರ್ಯಾಣು. ಅದೂ ಬೇಕೆಂದು ಮಾಡಿದ್ದಲ್ಲ. ಮೇಲಿನ ಅರ್ಧದಲ್ಲಿ ಎಲ್ಲೋ ಒಂದು ಕಡೆ ಅದು ಒಳಹೊಕ್ಕರೆ ಸಾಕು, ಸಾಮಾನ್ಯವಾಗಿ ಅದಕ್ಕೆ ಎದುರು ಬದಿಯಲ್ಲಿ ಬೆನ್ನು ಮೂಡುತ್ತದೆ. ಕೊಡಗಿನ ಕಿತ್ತಳೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೀರಲ್ಲ? ಸಿಪ್ಪೆ ಸಡಿಲ, ಒಳಗಿನ ತೊಳೆಗಳು ಬೇರೆ. ಮೊಟ್ಟೆಯಲ್ಲೂ ಹಾಗೆಯೇ. ವೀರ್ಯಾಣು ಹೊಕ್ಕ ಮೇಲೆ, ಮೊದಲ ವಿಭಜನೆ ಆಗುವುದಕ್ಕೆ ಮುಂಚೆ, ಮೊಟ್ಟೆಯ ಹೊರಪದರವು ಒಳಗಿನ ಕೋಶರಸದ ಮೇಲೆ ಸುಮಾರು 30 ಡಿಗ್ರಿಯಷ್ಟು ಜಾರುತ್ತದೆ. ಮೊಟ್ಟೆಯೇ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಈ ಜಾರುವಿಕೆ ಹೆಚ್ಚೆಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಕೆಲವು ಜಾತಿಯ ಕಪ್ಪೆಗಳಲ್ಲಿ ಆಗ ವೀರ್ಯಾಣು ಹೊಕ್ಕ ಜಾಗದ ಎದುರಿಗೆ ಬೂದು ಬಣ್ಣದ ಒಂದು ಅರ್ಧಚಂದ್ರ ಕಾಣಿಸಿಕೊಳ್ಳುತ್ತದೆ. ಅಲ್ಲೇ ಮುಂದೆ ಬೆನ್ನು.

ಇಷ್ಟು ಸಣ್ಣ ಜಾರುವಿಕೆಗೆ ಇಷ್ಟು ಬೆಲೆಯೇ ಎಂದು ಅನುಮಾನ ಬರುವುದು ಸಹಜ. ತಡೆದು ನೋಡಿದವರಿದ್ದಾರೆ. ಮೊಟ್ಟೆಯ ತಳಭಾಗಕ್ಕೆ ಸಕಾಲದಲ್ಲಿ ನೇರಳಾತೀತ ಕಿರಣ ಬಿಟ್ಟರೆ ಹೊರಪದರ ಜಾರುವುದಿಲ್ಲ, ಏಕೆಂದರೆ ಅದು ಜಾರಲು ಹಳಿಯಂತಿರುವ ಸೂಕ್ಷ್ಮನಾಳಗಳು ಕಟ್ಟಿಕೊಳ್ಳುವುದಿಲ್ಲ. ಮೊಟ್ಟೆ ಸಾಯುವುದಿಲ್ಲ. ವಿಭಜನೆಯೂ ಆಗುತ್ತದೆ. ಆದರೆ ಕೊನೆಗೆ ಸಿಗುವುದು ಒಂದು ಹೊಟ್ಟೆ ಮಾತ್ರ! ತಲೆಯಿಲ್ಲ, ಮಿದುಳಿಲ್ಲ, ಬೆನ್ನಿಲ್ಲ. ಚರ್ಮ, ರಕ್ತ, ಕರುಳಿನ ಅಂಶಗಳಿರುವ ಒಂದು ಚೀಲ. ಇನ್ನೂ ಸ್ವಾರಸ್ಯವೆಂದರೆ, ಕಿರಣ ತಾಗಿದ ಅದೇ ಮೊಟ್ಟೆಯನ್ನು ಸ್ವಲ್ಪ ಹೊತ್ತು ಓರೆಯಾಗಿ ಹಿಡಿದಿಟ್ಟರೆ, ಭಾರವಾದ ಒಳಭಾಗವು ಗುರುತ್ವದಿಂದ ತಾನಾಗಿ ಸರಿದು, ಸರಿಯಾದ ಗೊದಮೊಟ್ಟೆಯೇ ಹುಟ್ಟುತ್ತದೆ. ಜರ್ಮನಿಯ ಆಸ್ಕರ್ ಶುಲ್ಟ್ಸ್ 1894ರಲ್ಲೇ ಎರಡು ಕೋಶದ ಹಂತದ ಕಪ್ಪೆ ಮೊಟ್ಟೆಗಳನ್ನು ತಲೆಕೆಳಗು ಮಾಡಿ ಹಿಡಿದು ಜೋಡಿ ಮರಿಗಳನ್ನು ಪಡೆದಿದ್ದರು. ಏಕೆ ಹಾಗಾಯಿತೆಂದು ತಿಳಿಯಲು ಮುಂದೆ ಹಲವು ದಶಕಗಳೇ ಬೇಕಾದವು.

ನಮ್ಮಲ್ಲಿ ಆಗೀಗ ಎಲ್ಲೋ ಒಂದು ಹಳ್ಳಿಯಲ್ಲಿ ಎರಡು ತಲೆಯ ಕರು ಹುಟ್ಟಿತೆಂದು ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಜನ ಕುಂಕುಮ ಹಚ್ಚಿ ಕೈಮುಗಿಯುವುದುಂಟು. ಊರಿಗೆ ಕೇಡು ಎಂದು ಹೆದರಿ ಆ ಮನೆಯವರನ್ನು ದೂರ ಇಡುವುದೂ ಉಂಟು. ಪ್ರತಿಯೊಂದು ಕರುವಿನಲ್ಲೂ ಏನಾಯಿತೆಂದು ಇಲ್ಲಿ ಕುಳಿತು ಹೇಳಲಾಗದು. ಆದರೆ ತಲೆ ಎರಡಾಗಲು ಯಾರ ಶಾಪವೂ ಬೇಕಿಲ್ಲ. ಭ್ರೂಣದ ಮೊದಲ ದಿನಗಳಲ್ಲಿ ಬೆನ್ನಿನ ಸೂಚನೆ ಒಂದರ ಬದಲು ಎರಡು ಕಡೆ ಮೂಡಿದರೆ ಸಾಕು ಎಂಬುದನ್ನು ಕಪ್ಪೆ, ನ್ಯೂಟ್‌ಗಳಲ್ಲಿ ಕೈಯಾರೆ ಮಾಡಿ ತೋರಿಸಿಯಾಗಿದೆ.

ಹಾಗೆ ತೋರಿಸಿದವಳು ಒಬ್ಬ ಹುಡುಗಿ. ಹೆಸರು ಹಿಲ್ಡೆ. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಸ್ಪೀಮನ್ ಎಂಬ ಪ್ರಾಧ್ಯಾಪಕರ ಬಳಿಗೆ 1920ರಲ್ಲಿ ಡಾಕ್ಟರೇಟ್ ಪದವಿಗೆ ಬಂದಳು. ಸ್ಪೀಮನ್ನರ ಕೈಚಳಕ ದೊಡ್ಡದು. ಎಳೆ ಮಗುವಿನ ಕೂದಲನ್ನು ಕುಣಿಕೆ ಮಾಡಿ ನ್ಯೂಟಿನ ಮೊಟ್ಟೆಯನ್ನು ಬಿಗಿದು ಎರಡು ಭಾಗ ಮಾಡುತ್ತಿದ್ದರು! (ನ್ಯೂಟ್ ಎಂದರೆ ಕಪ್ಪೆಯ ದಾಯಾದಿ, ನೋಡಲು ಹಲ್ಲಿಯಂತಿದ್ದರೂ ಉಭಯಚರ.) ಬೂದು ಅರ್ಧಚಂದ್ರ ಎರಡೂ ಭಾಗಕ್ಕೆ ಹಂಚಿಹೋದರೆ ಎರಡು ಪೂರ್ಣ ಮರಿಗಳು, ಒಂದೇ ಭಾಗಕ್ಕೆ ಹೋದರೆ ಒಂದು ಮರಿ, ಇನ್ನೊಂದು ಬರಿಯ ಹೊಟ್ಟೆ. ಅಂದರೆ ಆ ಜಾಗದಲ್ಲಿ ಏನೋ ಇದೆ.

ಏನಿದೆ ಎಂದು ನೋಡುವ ಕೆಲಸ ಹಿಲ್ಡೆಗೆ ಬಂತು. ಭ್ರೂಣ ಕೆಲವು ಸಾವಿರ ಕೋಶಗಳ ಚೆಂಡಾದಾಗ ಅದರ ಒಂದು ಪಕ್ಕದಲ್ಲಿ ಸಣ್ಣ ಸೀಳು ಬಿದ್ದು ಕೋಶಗಳು ಒಳಕ್ಕೆ ಇಳಿಯತೊಡಗುತ್ತವೆ. ಆ ಸೀಳಿನ ಮೇಲಿನ ಅಂಚನ್ನು ‘ಮೇಲ್ತುಟಿ’ ಎನ್ನೋಣ. ಬಿಳಿಚು ಬಣ್ಣದ ಒಂದು ಜಾತಿಯ ನ್ಯೂಟಿನ ಭ್ರೂಣದಿಂದ ಈ ತುಟಿಯ ಚೂರನ್ನು ಕತ್ತರಿಸಿ, ಕಪ್ಪು ಬಣ್ಣದ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆಯ ಬದಿಗೆ ನಾಟಿ ಹಾಕಬೇಕು. ಪ್ರತಿಜೀವಕ ಔಷಧಿಗಳಿಲ್ಲದ ಕಾಲ. ಹೆಚ್ಚಿನ ಭ್ರೂಣಗಳು ಸೋಂಕು ತಗಲಿ ಸಾಯುತ್ತಿದ್ದವು. ಎರಡು ವಸಂತಗಳ ದುಡಿಮೆಯ ಬಳಿಕ ಪ್ರಬಂಧದಲ್ಲಿ ವಿವರಿಸಲು ಸಿಕ್ಕಿದ್ದು ಆರೇ ಆರು. ಆದರೆ ಆ ಆರು ಸಾಕಾದವು. ಕಪ್ಪು ಭ್ರೂಣದ ಹೊಟ್ಟೆಯ ಮೇಲೆ ಇನ್ನೊಂದು ಭ್ರೂಣ ಅಂಟಿಕೊಂಡಂತೆ ಬೆಳೆದಿತ್ತು!

ಇದರಲ್ಲಿ ಬಣ್ಣದ ಉಪಾಯ ಇಲ್ಲದಿದ್ದರೆ ಕತೆ ಅರ್ಧಕ್ಕೇ ನಿಲ್ಲುತ್ತಿತ್ತು. ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎರಡನೇ ಭ್ರೂಣದ ಮಿದುಳುಬಳ್ಳಿಯ ಕೋಶಗಳು ಬಹುತೇಕ ಕಪ್ಪು ಜಾತಿಯವೇ ಆಗಿದ್ದವು. ನಾಟಿಯಾದ ಬಿಳಿ ಚೂರು ತಾನೇ ಬೆಳೆದು ಮರಿಯಾಗಿರಲಿಲ್ಲ. ಹೊಟ್ಟೆಯ ಚರ್ಮವಾಗಬೇಕಿದ್ದ ನೆರೆಯ ಕೋಶಗಳಿಗೆ ‘ನೀವು ನರವಾಗಿ’ ಎಂದು ಹೇಳಿ ಮಾಡಿಸಿತ್ತು. ಮದುವೆಮನೆಯಲ್ಲಿ ತಾನು ಸೌಟು ಹಿಡಿಯದೆ ಹತ್ತು ಜನರಿಂದ ಅಡುಗೆ ಮಾಡಿಸುವ ಹಿರಿಯರಿರುತ್ತಾರಲ್ಲ, ಹಾಗೆ. ಸ್ಪೀಮನ್ ಈ ಚೂರಿಗೆ ‘ಸಂಘಟಕ’ ಎಂದು ಹೆಸರಿಟ್ಟರು.

ಪ್ರಬಂಧ 1924ರಲ್ಲಿ ಪ್ರಕಟವಾಯಿತು. ಇತರ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳನ್ನು ತಮ್ಮ ಹೆಸರಿನಲ್ಲೇ ಪ್ರಕಟಿಸಿದರೆ, ಇದರ ಮೇಲೆ ಗುರುವಿನ ಹೆಸರು ಮೊದಲು, ಹಿಲ್ಡೆಯದು ಆಮೇಲೆ. ಅಷ್ಟು ಹೊತ್ತಿಗೆ ಆಕೆ ಸ್ಪೀಮನ್ನರ ಸಹಾಯಕ ಆಟೊ ಮ್ಯಾಂಗೋಲ್ಡರನ್ನು ಮದುವೆಯಾಗಿ, ಒಂದು ಮಗುವಿನ ತಾಯಿಯಾಗಿ, ಬರ್ಲಿನ್ನಿಗೆ ಹೋಗಿದ್ದಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಒಲೆ ಸಿಡಿದು, ಸುಟ್ಟ ಗಾಯಗಳಿಂದ ತೀರಿಕೊಂಡಳು. ಆಗ ಅವಳ ವಯಸ್ಸು 25. ಸ್ಪೀಮನ್ನರಿಗೆ 1935ರಲ್ಲಿ ನೊಬೆಲ್ ಬಂತು. ಪ್ರಯೋಗದ ಯೋಚನೆ ಗುರುವಿನದು ಎಂಬುದು ನಿಜ. ಆದರೂ ಆ ಆರು ಭ್ರೂಣಗಳನ್ನು ಉಳಿಸಿಕೊಂಡ ಕೈ ಯಾರದೆಂದು ಪಾಠಪುಸ್ತಕಗಳು ಇನ್ನಷ್ಟು ಸ್ಪಷ್ಟವಾಗಿ ಬರೆಯಬೇಕೆಂದು ನನಗೆ ಅನ್ನಿಸುತ್ತದೆ.

ಸಂಘಟಕ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಏನೋ ರಾಸಾಯನಿಕ ಸೂಸುತ್ತಿರಬೇಕು. 1930ರ ದಶಕವಿಡೀ ಅದರ ಬೇಟೆ ನಡೆಯಿತು. ಮೊದಲ ಆಘಾತ 1932ರಲ್ಲಿ: ಕೊಂದ ಸಂಘಟಕವೂ ಕೆಲಸ ಮಾಡಿತು. ಬೇರೆ ಬೇರೆ ಪ್ರಾಣಿಗಳ ಅಂಗಾಂಶ ಇಟ್ಟರೂ ನರ ಮೂಡಿತು. ಕೊನೆಗೆ ಮೆಥಿಲೀನ್ ಬ್ಲೂ ಎಂಬ ಬಣ್ಣದ ಪುಡಿಯಿಂದಲೂ ಮೂಡಿತು! ಎಲ್ಲದರಿಂದಲೂ ಆಗುವುದಾದರೆ ಯಾವುದರಿಂದ ಎಂದು ಹೇಳುವುದು? ಬೇಸತ್ತ ಜನ ಬೇರೆ ಕೆಲಸ ನೋಡಿಕೊಂಡರು.

ಮತ್ತೆ ಬೇಟೆ ಶುರುವಾಗುವ ಹೊತ್ತಿಗೆ ನ್ಯೂಟಿನ ಜಾಗಕ್ಕೆ ಜೆನೋಪಸ್ ಎಂಬ ದಕ್ಷಿಣ ಆಫ್ರಿಕದ ಕಪ್ಪೆ ಬಂದಿತ್ತು. ಸದಾ ನೀರಿನಲ್ಲೇ ಇರುವ, ನಾಲಿಗೆಯೇ ಇಲ್ಲದ, ಹಿಂಗಾಲಿನಲ್ಲಿ ಉಗುರುಗಳಿರುವ ಪ್ರಾಣಿ. ಅದು ಜಗತ್ತಿನ ಪ್ರಯೋಗಶಾಲೆಗಳಿಗೆ ಬಂದದ್ದು ಆಸ್ಪತ್ರೆಯ ಬಾಗಿಲಿನಿಂದ. 1930ರ ದಶಕದಿಂದ 60ರ ದಶಕದವರೆಗೆ ಹೆಂಗಸು ಬಸುರಿಯೋ ಅಲ್ಲವೋ ಎಂದು ತಿಳಿಯಲು ಆಕೆಯ ಮೂತ್ರವನ್ನು ಈ ಕಪ್ಪೆಗೆ ಚುಚ್ಚಿ ನೋಡುತ್ತಿದ್ದರು. ಬಸುರಿಯಾಗಿದ್ದರೆ ಅದರಲ್ಲಿನ ಹಾರ್ಮೋನಿನಿಂದಾಗಿ ಕಪ್ಪೆ ಮೊಟ್ಟೆ ಇಡುತ್ತಿತ್ತು. ಬೇಕೆಂದಾಗ ಮೊಟ್ಟೆ ಕೊಡುವ ಪ್ರಾಣಿಯನ್ನು ಭ್ರೂಣವಿಜ್ಞಾನಿಗಳು ಬಿಟ್ಟಾರೆಯೇ?

ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ವಿಲಿಯಂ ಸ್ಮಿತ್ ಮತ್ತು ರಿಚರ್ಡ್ ಹಾರ್ಲೆಂಡ್ ಎಂಬಿಬ್ಬರು ಹೂಡಿದ ಉಪಾಯ ನನಗೆ ಬಹಳ ಇಷ್ಟ. ಹೊಟ್ಟೆ ಮಾತ್ರ ಇರುವ ಭ್ರೂಣವನ್ನು ನೇರಳಾತೀತ ಕಿರಣದಿಂದ ಪಡೆಯಬಹುದೆಂದು ಆಗಲೇ ಹೇಳಿದೆ. ಇದಕ್ಕೆ ತದ್ವಿರುದ್ಧವಾಗಿ, ಲಿಥಿಯಂ ಲವಣದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹೊಟ್ಟೆ ಬಾಲಗಳಿಲ್ಲದೆ ತಲೆಯೇ ತಲೆಯಾಗಿರುವ ಭ್ರೂಣ ಸಿಗುತ್ತದೆ. ಹಾಗಾದರೆ ಆ ತಲೆಭ್ರೂಣದಲ್ಲಿ ಸಂಘಟಕದ ಜೀನ್‌ಗಳು ಜೋರಾಗಿ ಕೆಲಸ ಮಾಡುತ್ತಿರಬೇಕಲ್ಲವೆ? ಜೀನು ಕೆಲಸ ಮಾಡುವಾಗ ಆರ್‌ಎನ್‌ಎ ಎಂಬ ನಕಲನ್ನು ಹೊರಡಿಸುತ್ತದೆ. ಆ ಸಾವಿರಾರು ನಕಲುಗಳನ್ನು ತೆಗೆದು, ಗುಂಪು ಗುಂಪಾಗಿ ವಿಂಗಡಿಸಿ, ಒಂದೊಂದು ಗುಂಪನ್ನು ಹೊಟ್ಟೆಭ್ರೂಣಕ್ಕೆ ಚುಚ್ಚಿದರು. ಯಾವ ಗುಂಪು ಬೆನ್ನನ್ನು ಮರಳಿಸಿತೋ ಅದನ್ನು ಮತ್ತೆ ಒಡೆದು ಚುಚ್ಚಿದರು, ಮತ್ತೆ ಒಡೆದರು. ಕಳುವಾದ ಉಂಗುರ ಯಾವ ಮೂಟೆಯಲ್ಲಿದೆ ಎಂದು ಅರ್ಧರ್ಧ ಮಾಡಿ ಹುಡುಕುವ ಹಾಗೆ. 1992ರಲ್ಲಿ ಕೊನೆಗೆ ಉಳಿದ ಒಂದು ಜೀನಿಗೆ ‘ನಾಗಿನ್’ ಎಂದು ಹೆಸರಿಟ್ಟರು. ಹಾವಲ್ಲ! ಇಂಗ್ಲಿಷಿನ ಆಡುಮಾತಿನಲ್ಲಿ ತಲೆಬುರುಡೆ ಎಂದರ್ಥ. ಎರಡು ವರ್ಷಗಳಲ್ಲೇ ಲಾಸ್ ಏಂಜಲೀಸಿನ ಎಡ್ವರ್ಡೊ ಡಿ ರಾಬರ್ಟಿಸ್ ತಂಡದವರು ‘ಕಾರ್ಡಿನ್’ ಎಂಬ ಇನ್ನೊಂದನ್ನು ಹಿಡಿದರು. ಹೆಸರಿಡುವುದರಲ್ಲಿ ಈ ಜನರಿಗೆ ಭಾರಿ ಉಮೇದು. ತಲೆಯ ಮೇಲೆ ತಲೆ ಮೂಡಿಸುವ ಒಂದಕ್ಕೆ, ಗ್ರೀಕ್ ಪುರಾಣದ ಮೂರು ತಲೆಯ ನಾಯಿಯ ನೆನಪಿನಲ್ಲಿ ‘ಸರ್ಬೆರಸ್’ ಎಂದು 1996ರಲ್ಲಿ ಹೆಸರಾಯಿತು.

ಇಷ್ಟರಲ್ಲಿ ಎಲ್ಲರ ನಿರೀಕ್ಷೆಯೂ ಒಂದೇ ಆಗಿತ್ತು: ಈ ಪ್ರೋಟೀನುಗಳು ಕೋಶಗಳಿಗೆ ‘ನರವಾಗು’ ಎಂಬ ಅಪ್ಪಣೆಯನ್ನು ಹೊತ್ತೊಯ್ಯುತ್ತವೆ ಎಂದು. 1996ರಲ್ಲಿ ತಿಳಿದದ್ದೇ ಬೇರೆ. ಅವು ಯಾವ ಅಪ್ಪಣೆಯನ್ನೂ ಒಯ್ಯುವುದಿಲ್ಲ. ಇನ್ನೊಬ್ಬರ ಅಪ್ಪಣೆಗೆ ಅಡ್ಡ ನಿಲ್ಲುತ್ತವೆ, ಅಷ್ಟೆ.

ಆ ಇನ್ನೊಬ್ಬರೆಂದರೆ ಬಿಎಂಪಿ ಎಂಬ ಪ್ರೋಟೀನು. ಭ್ರೂಣದ ಎಲ್ಲೆಡೆ ಜಡಿಮಳೆಯಂತೆ ಸುರಿಯುತ್ತಿರುತ್ತದೆ ಎಂದಿಟ್ಟುಕೊಳ್ಳಿ. ಈ ಮಳೆಯಲ್ಲಿ ತೊಯ್ದ ಹೊರಪದರದ ಕೋಶಗಳು ಚರ್ಮವಾಗುತ್ತವೆ; ಬೆನ್ನಿನ ಬದಿಯಲ್ಲಿ ಮಾತ್ರ ಸಂಘಟಕವು ನಾಗಿನ್, ಕಾರ್ಡಿನ್‌ಗಳೆಂಬ ಕೊಡೆ ಬಿಚ್ಚಿ ಹಿಡಿದಿರುತ್ತದೆ. ಈ ಪ್ರೋಟೀನುಗಳು ಬಿಎಂಪಿಯನ್ನು ದಾರಿಯಲ್ಲೇ ತಬ್ಬಿ ಹಿಡಿದು ಕೋಶಕ್ಕೆ ತಾಗದಂತೆ ಮಾಡುತ್ತವೆ. ಕೊಡೆಯಡಿ ಒಣಗಿ ಉಳಿದ ಕೋಶಗಳು ನರವೂ ಮಿದುಳೂ ಆಗುತ್ತವೆ. ಹೊರಪದರದ ಕೋಶಗಳನ್ನು ಬಿಡಿಬಿಡಿಯಾಗಿ ಚದುರಿಸಿ ಇಟ್ಟರೂ ಅವು ನರದ ಲಕ್ಷಣ ತೋರುತ್ತವೆ ಎಂಬುದು 1989ರಲ್ಲೇ ಕಂಡಿತ್ತು. ಈಗ ಅದಕ್ಕೆ ಅರ್ಥ ಬಂತು. ಮಿದುಳಾಗುವುದು ಆ ಕೋಶಗಳ ಸಹಜ ಒಲವು. ಚರ್ಮವಾಗುವಂತೆ ಒತ್ತಾಯಿಸಬೇಕು! 1930ರ ದಶಕದಲ್ಲಿ ಬಣ್ಣದ ಪುಡಿಗೂ ನರ ಮೂಡಿದ್ದೇಕೆಂದು ಈಗ ಊಹಿಸಬಹುದು. ನ್ಯೂಟಿನ ಕೋಶಗಳು ಅಂಚಿನಲ್ಲೇ ನಿಂತಿದ್ದವು. ಯಾವ ತಳ್ಳಾಟವಾದರೂ ಸಾಕಿತ್ತು.

ಪತ್ರಿಕೆಗಳಲ್ಲಿ ‘ಬುದ್ಧಿಯ ಜೀನ್ ಪತ್ತೆ’, ‘ಬೊಜ್ಜಿನ ಜೀನ್ ಪತ್ತೆ’ ಎಂದು ಓದಿದಾಗಲೆಲ್ಲ ನನಗೆ ಈ ಕಪ್ಪೆ ನೆನಪಾಗುತ್ತದೆ. ಬೆನ್ನಿನ ಜೀನ್ ಎಂಬುದೊಂದು ಅದರಲ್ಲಿಲ್ಲ. ಒಂದು ‘ಬೇಡ’ ಎನ್ನುತ್ತದೆ, ಇನ್ನೊಂದು ಅದಕ್ಕೆ ‘ನೀನು ಬೇಡ’ ಎನ್ನುತ್ತದೆ. ಬೆನ್ನು ಆ ಜಗಳದಲ್ಲಿ ಹುಟ್ಟುತ್ತದೆ.

ಸಂಘಟಕ ಆ ಜಾಗದಲ್ಲೇ ಏಕೆ ಹುಟ್ಟಿತು? ಹೊರಪದರ ಜಾರಿದ್ದು ನೆನಪಿದೆಯಲ್ಲ? ತಾಯಿ ಮೊಟ್ಟೆಯ ತಳದಲ್ಲಿ ಕಟ್ಟಿಟ್ಟ ಕೆಲವು ವಸ್ತುಗಳು ಅದರೊಂದಿಗೆ ಒಂದು ಪಕ್ಕಕ್ಕೆ ಸಾಗುತ್ತವೆ. ಮೊಟ್ಟೆಯೊಳಗೆ ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಎಲ್ಲ ಕಡೆಯೂ ತಯಾರಾಗುತ್ತಿರುತ್ತದೆ, ಎಲ್ಲ ಕಡೆಯೂ ನಾಶವಾಗುತ್ತಿರುತ್ತದೆ. ತೂತಿರುವ ತೊಟ್ಟಿಗೆ ನಲ್ಲಿ ಬಿಟ್ಟಂತೆ. ಸಾಗಿಬಂದ ವಸ್ತುಗಳು ಆ ಒಂದು ಪಕ್ಕದಲ್ಲಿ ತೂತಿಗೆ ಬಟ್ಟೆ ತುರುಕುತ್ತವೆ. ಅಲ್ಲಿ ಮಾತ್ರ ತೊಟ್ಟಿ ತುಂಬುತ್ತದೆ. ತುಂಬಿದ ಬೀಟಾ-ಕೆಟೆನಿನ್ ಕೋಶಕೇಂದ್ರಕ್ಕೆ ಹೋಗಿ ಕಾಯುತ್ತದೆ. ಕಾಯುತ್ತದೆ ಎಂದೆ, ಏಕೆಂದರೆ ಭ್ರೂಣದ ಸ್ವಂತ ಜೀನ್‌ಗಳು ಆಗ ಬಹುಮಟ್ಟಿಗೆ ನಿದ್ರೆಯಲ್ಲಿರುತ್ತವೆ. ಮೊದಲ ಹನ್ನೆರಡು ವಿಭಜನೆಗಳು ತಾಯಿಯ ಬುತ್ತಿಯಲ್ಲೇ ಕಳೆಯುತ್ತವೆ. ನಾಲ್ಕು ಸಾವಿರದಷ್ಟು ಕೋಶಗಳಾದ ಮೇಲೆ ಜೀನ್‌ಗಳು ಎಚ್ಚರಗೊಂಡಾಗ, ಬೀಟಾ-ಕೆಟೆನಿನ್ ಇದ್ದ ಪಕ್ಕದಲ್ಲಿ ಸಂಘಟಕವನ್ನು ಕಟ್ಟುವ ಜೀನ್‌ಗಳು ಚಾಲೂ ಆಗುತ್ತವೆ. ಬಟ್ಟೆ ತುರುಕುವ ತಾಯಿಯ ಪ್ರೋಟೀನುಗಳಲ್ಲಿ ಒಂದನ್ನು ಚೀನದ ವಿಜ್ಞಾನಿಗಳು 2018ರಲ್ಲಿ ಗುರುತಿಸಿ, ಅಲ್ಲಿನ ಮಕ್ಕಳ ಕಾರ್ಟೂನಿನಿಂದ ‘ಹುಲುವಾ’ ಎಂಬ ಹೆಸರು ತಂದರು.

ಕಪ್ಪೆಯ ಸುದ್ದಿ ಕಪ್ಪೆಗೇ ಮುಗಿಯಲಿಲ್ಲ. ನೊಣದಲ್ಲಿ ನರಬಳ್ಳಿ ಇರುವುದು ಹೊಟ್ಟೆಯ ಕಡೆ, ನಮ್ಮಲ್ಲಿ ಬೆನ್ನಿನ ಕಡೆ. ಫ್ರಾನ್ಸಿನ ಜಾಫ್ರಾ ಸೇಂತ್-ಇಲೇರ್ 1822ರಲ್ಲಿ ಸಮುದ್ರದ ದೊಡ್ಡ ಸೀಗಡಿಯೊಂದನ್ನು ಅಂಗಾತ ಮಲಗಿಸಿ, ಹೀಗೆ ನೋಡಿದರೆ ಅದರ ಅಂಗಗಳ ಜೋಡಣೆ ನಮ್ಮದರಂತೆಯೇ ಇದೆಯಲ್ಲ ಎಂದಿದ್ದರು. ಸಮಕಾಲೀನರು ಒಪ್ಪಲಿಲ್ಲ. 1995ರ ಹೊತ್ತಿಗೆ ನೊಣದಲ್ಲೂ ಕಾರ್ಡಿನ್ನಿನ ಜೋಡಿ ಇದೆ, ಬಿಎಂಪಿಯ ಜೋಡಿಯೂ ಇದೆ, ಮೇಲು ಕೆಳಗಾಗಿವೆ ಅಷ್ಟೆ ಎಂದು ಗೊತ್ತಾಯಿತು. ನೊಣದ ಪ್ರೋಟೀನನ್ನು ಕಪ್ಪೆಯ ಭ್ರೂಣದಲ್ಲಿ ತಯಾರು ಮಾಡಿಸಿದರೆ ಅದು ಬೆನ್ನನ್ನೇ ಮೂಡಿಸಿತು! ನೂರ ಎಪ್ಪತ್ತು ವರ್ಷ ತಡವಾಗಿ ಜಾಫ್ರಾ ಗೆದ್ದರು. 2018ರಲ್ಲಿ ಅಮೆರಿಕದ ತಂಡವೊಂದು ಮಾನವ ಆಕರಕೋಶಗಳಿಂದ ಬೆಳೆಸಿದ ಸಂಘಟಕವನ್ನು ಕೋಳಿಯ ಭ್ರೂಣಕ್ಕೆ ನಾಟಿ ಹಾಕಿದಾಗ ಅಲ್ಲೂ ಎರಡನೇ ನರಬಳ್ಳಿ ಮೊಳೆಯಿತು. ಹಿಲ್ಡೆಯ ಪ್ರಯೋಗವೇ, ಸುಮಾರು ತೊಂಬತ್ತೇಳು ವರ್ಷಗಳ ಬಳಿಕ.

ನಮ್ಮ ದೇಹದಲ್ಲಿ ಈ ಜೀನ್‌ಗಳು ಭ್ರೂಣದ ಕೆಲಸ ಮುಗಿಸಿ ಸುಮ್ಮನಾಗುವುದೂ ಇಲ್ಲ. ಬೀಟಾ-ಕೆಟೆನಿನ್ ತೊಟ್ಟಿಯ ತೂತು ಮುಚ್ಚಿಕೊಂಡು ತುಂಬುವುದು ಕಪ್ಪೆಯಲ್ಲಿ ಬೆನ್ನು. ದೊಡ್ಡವರ ದೊಡ್ಡ ಕರುಳಿನಲ್ಲಿ ಹಾಗಾದರೆ ಕ್ಯಾನ್ಸರಿನ ಆರಂಭ. ಬೆರಳಿನ ಗೆಣ್ಣು ಮಡಚಲು ಬರುವುದು ಅಲ್ಲಿ ನಾಗಿನ್ ನಿಂತು ಬಿಎಂಪಿಯನ್ನು ತಡೆದದ್ದರಿಂದ. ನಾಗಿನ್ ಜೀನಿನಲ್ಲಿ ದೋಷವಿರುವ ಕೆಲವು ಕುಟುಂಬಗಳಲ್ಲಿ ಗೆಣ್ಣುಗಳು ಬೆಸೆದು ಬೆರಳು ಕಡ್ಡಿಯಂತೆ ನೇರವಾಗಿರುತ್ತದೆ ಎಂದು 1999ರಲ್ಲಿ ವರದಿಯಾಯಿತು. ಅಂದ ಹಾಗೆ, ಬಿಎಂಪಿಯ ಪೂರ್ತಿ ಹೆಸರಿನ ಅರ್ಥ ‘ಮೂಳೆ ರೂಪಿಸುವ ಪ್ರೋಟೀನು’. ಅಮೆರಿಕದ ಮೂಳೆ ತಜ್ಞ ಮಾರ್ಷಲ್ ಯುರಿಸ್ಟ್ 1965ರಲ್ಲಿ ಖನಿಜ ತೆಗೆದ ಮೂಳೆಯ ಚೂರನ್ನು ಮಾಂಸಖಂಡದಲ್ಲಿ ಹುದುಗಿಸಿದಾಗ ಅಲ್ಲಿ ಹೊಸ ಮೂಳೆ ಬೆಳೆದದ್ದನ್ನು ಕಂಡಿದ್ದರು. ಹೆಸರಿನ ಮೂಲ ಅದು.

ಆ ಹೆಸರು ಎಷ್ಟು ನಿಜವೆಂದು ತೋರಿಸುವ ಕಾಯಿಲೆಯೊಂದಿದೆ. ಹತ್ತು ಲಕ್ಷಕ್ಕೆ ಒಬ್ಬರಂತೆ ಬರುವಷ್ಟು ಅಪರೂಪ. ಎಫ್‌ಒಪಿ ಎಂದು ಕರೆಯುತ್ತಾರೆ. ಬಿಎಂಪಿಯ ಸಂದೇಶ ಸ್ವೀಕರಿಸುವ ಕೋಶದ್ವಾರವೊಂದರಲ್ಲಿ ಒಂದೇ ಅಕ್ಷರದ ದೋಷ ಇದಕ್ಕೆ ಕಾರಣವೆಂದು 2006ರಲ್ಲಿ ಪತ್ತೆಯಾಯಿತು. ಬಿದ್ದರೆ, ಪೆಟ್ಟಾದರೆ, ಮಾಂಸಖಂಡಕ್ಕೆ ಸೂಜಿ ಚುಚ್ಚಿದರೂ ಆ ಜಾಗ ಊದಿಕೊಂಡು ನಿಧಾನವಾಗಿ ಮೂಳೆಯಾಗುತ್ತದೆ. ಗಂಟನ್ನು ಕತ್ತರಿಸಿದರೆ ಇನ್ನೂ ಹೆಚ್ಚು ಮೂಳೆ. ಊದಿಕೊಂಡ ಗಂಟನ್ನು ಕ್ಯಾನ್ಸರೆಂದು ಭಾವಿಸಿ ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರಿಂದಲೇ ಹಾಸಿಗೆ ಹಿಡಿದ ಮಕ್ಕಳಿದ್ದಾರೆ. ಗುರುತು ಮಾತ್ರ ಹುಟ್ಟಿದ ದಿನವೇ ಕಾಣುತ್ತದೆ. ಈ ಮಕ್ಕಳ ಎರಡೂ ಕಾಲಿನ ಹೆಬ್ಬೆರಳುಗಳು ಗಿಡ್ಡವಾಗಿ ಒಳಕ್ಕೆ ವಾಲಿರುತ್ತವೆ. ಎಳೆ ಮಗುವಿನ ಬೆನ್ನಿನಲ್ಲೋ ಕತ್ತಿನಲ್ಲೋ ಕಾರಣವಿಲ್ಲದ ಗಂಟು ಎದ್ದಾಗ, ಕತ್ತಿ ಕೈಗೆತ್ತಿಕೊಳ್ಳುವ ಮೊದಲು ಕಾಲಿನ ಹೆಬ್ಬೆರಳು ನೋಡಬೇಕೆಂದು ಈ ಕಾಯಿಲೆಯನ್ನು ಬಲ್ಲ ವೈದ್ಯರು ಹೇಳುವುದು ಅದಕ್ಕೇ.